ಪಾರ್ಟ್ಸ್ ಆಫ್ ಸ್ಪೀಚ್ ಬಾಯಿಪಾಠ ಮಾಡ್ಬೇಡಿ, ಪದದ ಕೆಲಸ ನೋಡಿ
ಇಂಗ್ಲಿಷ್ ಗ್ರಾಮರ್ ಕಲಿಯೋರು ಮೊದ್ಲು 8 ಪಾರ್ಟ್ಸ್ ಆಫ್ ಸ್ಪೀಚ್, ಅಂದ್ರೆ ನಾಮಪದ, ಕ್ರಿಯಾಪದ ಥರದ ಪದಗಳ ವಿಧಗಳ ಲಿಸ್ಟ್ ಉರು ಹೊಡೀತಾರೆ, ಆಮೇಲೆ ವಾಕ್ಯ ಕೊಟ್ರೆ ತಡವರಿಸ್ತಾರೆ, ಯಾಕಂದ್ರೆ ಪದಕ್ಕೆ ಒಂದೇ ಜಾತಿ ಅಂತ ಅಂದ್ಕೊಂಡಿರ್ತಾರೆ. ಹಾಗಿಲ್ಲ, ವಾಕ್ಯದಲ್ಲಿ ಅದು ಏನು ಕೆಲಸ ಮಾಡ್ತಿದೆ ಅನ್ನೋದೇ ಮುಖ್ಯ.

'ಐ ಡ್ರಿಂಕ್ ವಾಟರ್' ಅಂದಾಗ ವಾಟರ್ ನಾಮಪದ, 'ಐ ವಾಟರ್ ದ ಪ್ಲಾಂಟ್ಸ್' ಅಂದಾಗ ಅದೇ ವಾಟರ್ ಕ್ರಿಯಾಪದ, ಗಿಡಕ್ಕೆ ನೀರು ಹಾಕೋದು. ಡೌಟ್ ಬಂದ್ರೆ ಭೂತಕಾಲಕ್ಕೆ ತಿರುಗಿಸಿ ನೋಡಿ, ವಾಟರ್ಡ್ ಅಂತ ಆದ್ರೂ ಅರ್ಥ ಕೂಡಿದ್ರೆ ಅದು ವರ್ಬ್. 'ಫಾಸ್ಟ್ ಕಾರ್' ಅಲ್ಲಿ ಫಾಸ್ಟ್ ಕಾರನ್ನ ವರ್ಣಿಸುತ್ತೆ, ಅಡ್ಜೆಕ್ಟಿವ್. 'ಹಿ ರನ್ಸ್ ಫಾಸ್ಟ್' ಅಲ್ಲಿ ಓಟ ಹೇಗೆ ಅಂತ ಹೇಳುತ್ತೆ, ಅಡ್ವರ್ಬ್. ಕೊನೇಲಿ 'ಲಿ' ಇದ್ರೆ ಅಡ್ವರ್ಬ್ ಅಂತ ಕಣ್ಮುಚ್ಚಿ ಬರೀಬೇಡಿ, ಫ್ರೆಂಡ್ಲಿ ಅಡ್ಜೆಕ್ಟಿವ್.

ನಮಗೆ ನಿಜವಾಗ್ಲೂ ಕಷ್ಟ ಆಗೋದು ಪ್ರಿಪೊಸಿಷನ್ನೇ, ಅಂದ್ರೆ ಇನ್, ಆನ್, ಅಟ್ ಥರದ ಪದಗಳು, ಕನ್ನಡದಲ್ಲಿ ವಿಭಕ್ತಿ ಪದದ ಬಾಲಕ್ಕೆ ಅಂಟ್ಕೊಳ್ಳುತ್ತೆ, 'ಮನೆಯಲ್ಲಿ' ಅಂತ, ಇಂಗ್ಲಿಷಲ್ಲಿ ಆ 'ಅಲ್ಲಿ' ಮುಂದೆ ಬಂದು 'ಇನ್ ದ ಹೌಸ್' ಆಗುತ್ತೆ, ಈ ಜಾಗ ಬದಲಾವಣೆ ಒಂದನ್ನ ಗಮನಿಸ್ತಾ ಹೋಗಿ. ದಿನಾ ನೀವೇ ಮಾತಾಡೋ 3 ವಾಕ್ಯ ತಗೊಂಡು ಪ್ರತಿ ಪದದ ಕೆಳಗೆ ಅದರ ಕೆಲಸ ಬರೀರಿ.