ಮನೆ ಕೀ ಕೊಟ್ಟು ಹೋಗುವಷ್ಟು ನಂಬಿಕೆ: ವೈರಿಂಗ್ ಕೆಲಸಕ್ಕೆ ಇಳಿಯುವ ಹುಡುಗರಿಗೆ

ನಾನು ಮೈಸೂರಿನಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಓದಿ, 1998ರಲ್ಲಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಗೋಡೆ ಕೊರೆಯುವುದರಿಂದ ಶುರು ಮಾಡಿದವನು. ನನಗೆ ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಒಬ್ಬರು ಇನ್ನೊಬ್ಬರಿಗೆ ನಂಬರ್ ಕೊಡುತ್ತಾರೆ, ಫೋನ್ ಬರುತ್ತದೆ, ಅಷ್ಟೇ. ನನ್ನ ಹತ್ತಿರ ಕಲಿತು ಸ್ವಂತಕ್ಕೆ ಹೊರಟ ಹುಡುಗರು ವರ್ಷ ಕಳೆದ ಮೇಲೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಅಣ್ಣಾ, ಕೆಲಸ ಚೆನ್ನಾಗೇ ಮಾಡ್ತೀನಿ. ಆದ್ರೂ ಎರಡನೇ ಸಲ ಯಾಕೆ ಕರೆಯಲ್ಲ?"

ನಮ್ಮ ಕೆಲಸ ಯಾರಿಗೂ ಕಾಣುವುದಿಲ್ಲ, ಅದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ. ಪೈಪು ಗೋಡೆಯೊಳಗೆ ಹೋಗುತ್ತದೆ, ಮೇಲೆ ಪ್ಲಾಸ್ಟರ್ ಬರುತ್ತದೆ, ಬಣ್ಣ ಬರುತ್ತದೆ. ಗೀಸರಿಗೆ 4 ಎಂಎಂ ವೈರು ಎಂದು ಲೆಕ್ಕ ಬರೆದು ಅದಕ್ಕಿಂತ ತೆಳುವಾದ 2.5 ಎಳೆದರೂ ಮನೆಯವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕಾಣದ್ದನ್ನು ಅವರು ಕಾಣುವುದರ ಮೇಲೆ ಅಳೆಯುತ್ತಾರೆ. ಅವರಿಗೆ ಕಾಣುವುದು ನಾವು. ಚಪ್ಪಲಿ ಎಲ್ಲಿ ಬಿಟ್ಟೆವು, ಫೋನಿನಲ್ಲಿ ಏನು ಮಾತಾಡಿದೆವು, ಜೊತೆಯ ಹುಡುಗನನ್ನು ಹೇಗೆ ಕರೆದೆವು. ಸಣ್ಣದಕ್ಕೆ ಸುಳ್ಳು ಹೇಳುವವನು ಗೋಡೆಯೊಳಗೂ ಏನೋ ಮಾಡಿರುತ್ತಾನೆ ಎಂದು ಅವರ ಲೆಕ್ಕ. ಆ ಲೆಕ್ಕ ತಪ್ಪು ಎಂದು ನನಗೆ ಅನಿಸುವುದಿಲ್ಲ.

"ದಾರೀಲಿದ್ದೀನಿ ಸರ್"

ಮನೆಯಲ್ಲಿ ಹಾಸಿಗೆ ಮೇಲೆ ಕೂತು ಈ ಮಾತು ಹೇಳಬೇಡಿ. ನೀವು ಬರುತ್ತೀರಿ ಎಂದು ಆ ಮನೆಯಲ್ಲಿ ಯಾರೋ ಅರ್ಧ ದಿನ ರಜೆ ಹಾಕಿರುತ್ತಾರೆ. ಮೇನ್ ಆಫ್ ಆಗುತ್ತದೆ ಅಂತ ಬೆಳಿಗ್ಗೆಯೇ ಮಿಕ್ಸಿ ತಿರುಗಿಸಿ, ಟ್ಯಾಂಕಿಗೆ ನೀರು ಏರಿಸಿ ಕಾಯುತ್ತಿರುತ್ತಾರೆ. ಹಿಂದಿನ ರಾತ್ರಿಯೇ ಒಂದು ಫೋನ್ ಮಾಡಿ: "ನಾಳೆ ಹತ್ತಕ್ಕೆ ಬರ್ತೀನಿ, ಎರಡು ಗಂಟೆ ಕರೆಂಟ್ ಇರಲ್ಲ." ತಡವಾಗುತ್ತದೆ ಅನಿಸಿದರೆ ಒಂಬತ್ತೂವರೆಗೇ ಹೇಳಿ. ಹತ್ತೂ ಕಾಲಿಗೆ ಅವರೇ ಫೋನ್ ಮಾಡಿ ಕೇಳಿದ ಮೇಲೆ ಹೇಳುವುದಲ್ಲ. ಹೇಳುವಾಗ ನಿಜವಾದ ಹೊತ್ತು ಹೇಳಿ. ಒಂದು ಗಂಟೆ ಆಗುತ್ತದೆ ಅಂದರೆ ಒಂದು ಗಂಟೆ ಅನ್ನಿ. ಬೈಯುತ್ತಾರೆ ಅಂತ "ಹತ್ತು ನಿಮಿಷ" ಅಂದರೆ ಹನ್ನೊಂದನೇ ನಿಮಿಷಕ್ಕೆ ನಿಮ್ಮ ಮಾತು ಹೋಯಿತು. ಬರಲು ಆಗುವುದೇ ಇಲ್ಲ ಅಂದರೆ ಬೇರೆ ಒಳ್ಳೆ ಕೆಲಸಗಾರನ ನಂಬರ್ ಕೊಡಿ. ಕೆಲಸ ಬೇರೆಯವನ ಪಾಲಾದರೂ ಆ ಮನೆಯವರು ಮುಂದಿನ ಸಲ ಮೊದಲು ನಿಮಗೇ ಫೋನ್ ಮಾಡುತ್ತಾರೆ. ನನಗೆ ಹೀಗೆ ಎಷ್ಟೋ ಸಲ ಆಗಿದೆ.

ಒಂದು ಮನೆಯ ಮಾತು ಇನ್ನೊಂದು ಮನೆಗೆ

ಇದನ್ನು ನಾನು ಕಳೆದುಕೊಂಡು ಕಲಿತೆ.

ಕೆಲಸಕ್ಕೆ ಇಳಿದು ಏಳೆಂಟು ವರ್ಷ ಆಗಿತ್ತು. ಒಂದೇ ರಸ್ತೆಯಲ್ಲಿ ಎರಡು ಮನೆಗಳ ಕೆಲಸ. ಮೊದಲನೇ ಮನೆಯ ಯಜಮಾನರು ಬೀರುವಿನ ಹಿಂದೆ ಒಂದು ಪುಟ್ಟ ಲೈಟ್ ಪಾಯಿಂಟ್ ಹಾಕಿಸಿದ್ದರು, ಗೋಡೆಯೊಳಗಿನ ಲಾಕರಿಗಾಗಿ. ಎರಡನೇ ಮನೆಯಲ್ಲಿ ಕಾಫಿ ಕುಡಿಯುವಾಗ ಮಾತಿಗೆ ಮಾತು ಬಂತು. "ಆ ಮನೆಯಲ್ಲಿ ಎಷ್ಟು ಪಾಯಿಂಟ್ ಆಯ್ತು?" ಎಂದು ಕೇಳಿದರು. ಸುಮ್ನೆ ಸಂಖ್ಯೆ ಹೇಳಿ ಬಿಡಬಹುದಿತ್ತು. ನಾನು ಉತ್ಸಾಹದಲ್ಲಿ ಲಾಕರ್ ಲೈಟಿನ ವಿಷಯವನ್ನೂ ಹೇಳಿಬಿಟ್ಟೆ. ಒಳ್ಳೆ ಐಡಿಯಾ, ನೀವೂ ಹಾಕಿಸಿ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು.

ನಾಲ್ಕು ದಿನಕ್ಕೆ ಮೊದಲನೇ ಮನೆಯವರಿಗೆ ಅದು ತಲುಪಿತು. ಅವರು ಬೈಯಲಿಲ್ಲ. ಒಳಗೆ ಕರೆದು ಬಾಕಿ ಹಣ ಪೂರ್ತಿ ಎಣಿಸಿ ಟೇಬಲ್ ಮೇಲೆ ಇಟ್ಟರು. ಸಾಮಾನ್ಯವಾಗಿ ಅವರ ಮನೆಯವರು ಕಾಫಿ ಕೊಡುತ್ತಿದ್ದರು, ಅವತ್ತು ಯಾರೂ ಅಡುಗೆಮನೆಯಿಂದ ಆಚೆ ಬರಲಿಲ್ಲ. ಗೇಟಿನ ತನಕ ಬಂದು, "ಆ ಪಾಯಿಂಟ್ ಈಗ ಬೇರೆಯವರ ಹತ್ರ ಬದಲಾಯಿಸ್ಕೋತೀನಿ" ಎಂದರು. ಮತ್ತೆಂದೂ ಫೋನ್ ಬರಲಿಲ್ಲ. ಅವರ ಅಣ್ಣನ ಹೊಸ ಮನೆಯ ಕೆಲಸ ಮಾತಾಗಿತ್ತು, ಅದೂ ಹೋಯಿತು. ಅವರು ಮಾಡಿದ್ದು ಸರಿ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅಂದಿನಿಂದ ಯಾರಾದರೂ ಪಕ್ಕದ ಮನೆ ಬಗ್ಗೆ ಕೇಳಿದರೆ ನನ್ನ ಉತ್ತರ ಒಂದೇ: "ಅವರ ಮನೆ ವಿಷಯ ಅವರನ್ನೇ ಕೇಳಿ ಸರ್. ನಿಮ್ಮ ಮನೆ ವಿಷಯಾನೂ ನಾನು ಅಲ್ಲಿ ಹೇಳಲ್ಲ." ಇದನ್ನು ನಗುಮುಖದಲ್ಲಿ ಹೇಳಿ. ಯಾರಿಗೂ ಬೇಜಾರಾಗುವುದಿಲ್ಲ. ಎಷ್ಟು ಖರ್ಚಾಯಿತು, ಗಂಡ ಹೆಂಡತಿ ಏನು ಜಗಳ ಆಡಿದರು, ಮಗ ಯಾವ ಊರಲ್ಲಿದ್ದಾನೆ, ಮನೆ ಯಾವಾಗ ಬೀಗ ಹಾಕಿರುತ್ತದೆ, ಒಂದೂ ಬಾಯಿಂದ ಬರಬಾರದು.

ಫೋನಿಗೂ ಇದೇ ನಿಯಮ. ಮುಗಿದ ಕೆಲಸದ ಫೋಟೋ ವಾಟ್ಸ್‌ಆಪ್ ಸ್ಟೇಟಸ್‌ಗೆ ಹಾಕುವ ಮೊದಲು ಕೇಳಿ. ನೀವು ಸೀಲಿಂಗ್ ಲೈಟ್ ತೋರಿಸಲು ಹಾಕಿರುತ್ತೀರಿ, ಮನೆಯವರಿಗೆ ಅದು ಅವರ ಮಲಗುವ ಕೋಣೆ. ಇನ್ನೊಂದು ವಿಷಯ. ನೀವು ಅವರ ನಂಬರ್, ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ನಿಮ್ಮ ಸ್ಟೇಟಸ್ ಅವರಿಗೆ ಕಾಣುತ್ತದೆ. ರಾತ್ರಿ ಬಾಟಲಿ ಜೊತೆ ಹಾಕಿದ ಫೋಟೋ, ಯಾವುದೋ ಜಾತಿಯವರನ್ನು ಬೈದ ವಿಡಿಯೋ, ಇದೆಲ್ಲ ನಾಳೆ ಮನೆ ಕೀ ಕೊಡಬೇಕಾದವರು ಬೆಳಿಗ್ಗೆ ನೋಡುತ್ತಾರೆ. ನನ್ನ ಸ್ವಂತ ಫೋನ್ ಅಲ್ವಾ ಅಂತ ನೀವು ಅನ್ನಬಹುದು. ನಮ್ಮ ಕಸುಬಿಗೆ ಆ ಫೋನೇ ಬೋರ್ಡು, ಅದೇ ಅಂಗಡಿ.

ಉಳಿದ ವೈರು ಯಾರದು?

ಮನೆಯವರದು. ಇದರಲ್ಲಿ ಎರಡು ಮಾತಿಲ್ಲ.

ಒಂದು ಕಾಯಿಲ್ ಅಂದರೆ ಸಾಮಾನ್ಯವಾಗಿ 90 ಮೀಟರ್. ಮನೆ ಮುಗಿದಾಗ ಪ್ರತಿ ಬಣ್ಣದಲ್ಲೂ ಐದು, ಹತ್ತು ಮೀಟರ್ ಉಳಿಯುತ್ತದೆ. ಅದಲ್ಲದೆ ಬಾಕ್ಸಿನ ಹತ್ತಿರ ಕತ್ತರಿಸಿದ ತುಂಡುಗಳು. ತಾಮ್ರಕ್ಕೆ ಗುಜರಿಯಲ್ಲಿ ಒಳ್ಳೆ ಬೆಲೆ ಇದೆ, ಅದಕ್ಕೇ ಎಷ್ಟೋ ಹುಡುಗರು ಕೇಳದೆ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ನನ್ನ ಮೇಸ್ತ್ರಿ ಬೇರೆ ರೀತಿ ಕಲಿಸಿದ್ದರು. ಉದ್ದ ಉಳಿದದ್ದನ್ನು ಸುರುಳಿ ಸುತ್ತಿ ಇನ್ಸುಲೇಷನ್ ಟೇಪ್ ಹಾಕುವುದು, ಮೇಲೆ ಎಷ್ಟು ಎಂಎಂ ಎಂದು ಬರೆಯುವುದು. ತುಂಡುಗಳನ್ನು ಒಂದು ಸಿಮೆಂಟ್ ಚೀಲಕ್ಕೆ ಹಾಕುವುದು. ಎರಡನ್ನೂ ಮನೆಯವರ ಮುಂದೆ ಇಟ್ಟು, "ಇಷ್ಟು ಉಳೀತು" ಅನ್ನುವುದು.

ಸರಸ್ವತಿಪುರಂನ ಒಂದು ಹಳೇ ಮನೆಯಲ್ಲಿ ಹೀಗೇ ಚೀಲ ತಂದು ಇಟ್ಟೆ. ಆ ಮನೆಯ ಅಜ್ಜಿ ಹದಿನೈದು ದಿನ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ಏನೂ ಮಾತಾಡದೆ ನಮ್ಮನ್ನೇ ನೋಡುತ್ತಿದ್ದರು. ಅವತ್ತು ಚೀಲದ ಬಾಯಿ ಬಿಚ್ಚಿ ತುಂಡುಗಳನ್ನು ಕೈಯಲ್ಲಿ ಆಡಿಸಿದರು. "ಹಿಂದೆ ಬಂದಿದ್ದವನು ಏನೂ ಉಳೀಲಿಲ್ಲ ಅಂದಿದ್ದ ಕಣಪ್ಪಾ" ಎಂದರು. ತುಂಡಿನ ಚೀಲ ನೀನೇ ತಗೋ ಎಂದು ನನ್ನ ಹುಡುಗನ ಕೈಗೆ ಕೊಟ್ಟರು. ಮುಂದಿನ ಎರಡು ವರ್ಷದಲ್ಲಿ ಅವರ ಹೆಣ್ಣುಮಕ್ಕಳ ಮನೆ, ತಂಗಿಯ ಮನೆ, ಬೀಗರ ಮನೆ ಅಂತ ಒಟ್ಟು ಐದು ಮನೆಗಳ ಕೆಲಸ ಬಂತು. ಅಜ್ಜಿಗೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಅಂದರೆ ಏನು ಅಂತ ಗೊತ್ತಿರಲಿಲ್ಲ.

ಅಂಗಡಿಯ ಕಮಿಷನ್ ಬಗ್ಗೆಯೂ ಹೇಳುತ್ತೇನೆ. ಸಾಮಾನು ನಾವು ಬರೆದುಕೊಟ್ಟರೆ ಕೆಲವು ಅಂಗಡಿಯವರು ನಮಗೆ ಪಾಲು ಕೊಡುತ್ತಾರೆ. ಕೆಲವು ಕಂಪನಿಯ ಡಬ್ಬಿಯೊಳಗೆ ಎಲೆಕ್ಟ್ರಿಷಿಯನ್‌ಗೆ ಅಂತಲೇ ಕೂಪನ್ ಇರುತ್ತದೆ. ನಾನು ಮೊದಲ ದಿನವೇ ಮನೆಯವರಿಗೆ ಹೇಳಿಬಿಡುತ್ತೇನೆ: "ಲಿಸ್ಟ್ ಕೊಡ್ತೀನಿ. ನೀವೇ ಎರಡು ಕಡೆ ರೇಟ್ ಕೇಳಿ ತನ್ನಿ. ಕೂಪನ್ ಬಂದ್ರೆ ನಾನು ತಗೋಳ್ಲಾ?" ಬಹಳ ಜನ ತಗೊಳ್ಳಿ ಅನ್ನುತ್ತಾರೆ. ಕೇಳಿ ತೆಗೆದುಕೊಂಡದ್ದಕ್ಕೂ ಕೇಳದೆ ತೆಗೆದುಕೊಂಡದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತದೆ.

ತಪ್ಪಾದಾಗ ಮೊದಲ ಐದು ನಿಮಿಷ

ಒಮ್ಮೆ ಬಾತ್‌ರೂಮಿನಲ್ಲಿ ಗೀಸರ್ ಕೂರಿಸಲು ಡ್ರಿಲ್ ಹಾಕಿದೆ. ಗೋಡೆಯೊಳಗಿನ ನೀರಿನ ಪೈಪಿಗೇ ತೂತು ಬಿತ್ತು. ಮುಖಕ್ಕೆ ನೀರು ಚಿಮ್ಮಿತು. ಮನೆಯವರು ಹೊರಗೆ ಹೋಗಿದ್ದರು. ಎಂ-ಸೀಲ್ ಒತ್ತಿ, ಮೇಲೆ ಗೀಸರ್ ಕೂರಿಸಿದರೆ ಆ ಹೊತ್ತಿಗೆ ಗೊತ್ತಾಗುತ್ತಿರಲಿಲ್ಲ.

ಇಂಥಾ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟು. ಮೊದಲು ಡ್ರಿಲ್ ಪ್ಲಗ್ ಕಿತ್ತು, ಮೇನ್ ಆಫ್ ಮಾಡಿ. ನೀರಿಗೆ ಕರೆಂಟ್ ಸೇರಬಾರದು. ಮಹಡಿಗೆ ಓಡಿ ಟ್ಯಾಂಕಿನ ವಾಲ್ವ್ ಮುಚ್ಚಿ. ಒರೆಸುವ ಮೊದಲೇ ಮನೆಯವರಿಗೆ ಫೋನ್ ಮಾಡಿ. ನಾನು ಹೇಳಿದ್ದು: "ಸರ್, ನನ್ನ ತಪ್ಪಿಂದ ನೀರಿನ ಪೈಪಿಗೆ ಡ್ರಿಲ್ ತಾಗಿದೆ. ಪ್ಲಂಬರ್‌ನ ಕರೆಸ್ತಿದ್ದೀನಿ, ಖರ್ಚು ನಂದು. ಸಂಜೆವರೆಗೆ ನೀರು ಇರಲ್ಲ." ಪೈಪ್ ಹಾಕಿದವನು ಎಲ್ಲಿ ಹಾಕಿದ್ದೇನೆ ಅಂತ ಗುರುತು ಮಾಡಿರಲಿಲ್ಲ, ಅದು ನಿಜ. ಆದರೆ ಆ ಮಾತು ಆ ಫೋನಿನಲ್ಲಿ ಬರಬಾರದು. ಅವತ್ತಿನ ಕೂಲಿ ಪೂರ್ತಿ ಹೋಯಿತು, ಮೇಲೆ ಟೈಲ್ಸ್ ಖರ್ಚು. ಆ ಮನೆಯವರು ಇವತ್ತಿಗೂ ನನ್ನನ್ನೇ ಕರೆಯುತ್ತಾರೆ.

ಅದಾದ ಮೇಲೆ ಹೊಸ ಮನೆ ಕೆಲಸದಲ್ಲಿ ಪ್ಲಾಸ್ಟರ್ ಹಾಕುವ ಮೊದಲು ಎಲ್ಲ ಗೋಡೆಗಳ ಫೋಟೋ ತೆಗೆಯುತ್ತೇನೆ, ಟೇಪ್ ಹಿಡಿದು ಅಳತೆ ಕಾಣುವ ಹಾಗೆ. ಅದನ್ನು ಮನೆಯವರಿಗೆ ಕಳಿಸುತ್ತೇನೆ. ಮುಂದೆ ಯಾರೇ ಡ್ರಿಲ್ ಹಾಕಲಿ, ಅವರಿಗೆ ದಾರಿ ಗೊತ್ತಿರುತ್ತದೆ.

ಮನೆಯೊಳಗೆ

ಕುಡಿಯುವ ನೀರು ನೀವೇ ತೆಗೆದುಕೊಂಡು ಹೋಗಿ. ಗುಟ್ಕಾ ಬಾಯಲ್ಲಿ ಇಟ್ಟುಕೊಂಡು ಬಾಗಿಲು ತಟ್ಟಬೇಡಿ. ದೇವರ ಮನೆಗೆ ಕೇಳಿ ಹೋಗಿ. ಹೆಂಗಸರು ಒಬ್ಬರೇ ಇದ್ದರೆ ಮುಂದಿನ ಬಾಗಿಲು ತೆರೆದೇ ಇರಲಿ, "ಅಮ್ಮಾ, ಈಗ ಒಳಗಿನ ರೂಮಿಗೆ ಹೋಗ್ತೀವಿ" ಎಂದು ಹೇಳಿ ಹೋಗಿ.

ಜೊತೆಯ ಹುಡುಗನನ್ನು ಹೆಸರು ಹಿಡಿದು ಕರೆಯಿರಿ. ಕುವೆಂಪುನಗರದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಮೂರು ಜನರ ಹತ್ತಿರ ರೇಟ್ ಕೇಳಿ ನನಗೆ ಕೆಲಸ ಕೊಟ್ಟರು. ಚದರಕ್ಕೆ ನನ್ನ ರೇಟೇ ಜಾಸ್ತಿ ಇತ್ತು. ಆಮೇಲೆ ಕಾರಣ ಹೇಳಿದರು. ಪಕ್ಕದ ಮನೆಯಲ್ಲಿ ನಾನು ಮೇನ್ ಆಫ್ ಮಾಡಿ, ನಾನೇ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಹುಡುಗನಿಗೆ "ಈಗ ಕೈ ಹಾಕು" ಅಂದದ್ದನ್ನು ಅವರು ಕಿಟಕಿಯಿಂದ ನೋಡಿದ್ದರಂತೆ.

ಗಾರೆ ಮೇಸ್ತ್ರಿ, ಪ್ಲಂಬರ್, ಪೇಂಟರ್ ಜೊತೆಗೂ ಹಾಗೆಯೇ ಇರಿ. ಜನ ನಿಮ್ಮ ಬಗ್ಗೆ ವಿಚಾರಿಸುವುದು ಅವರ ಹತ್ತಿರ. ಹಾರ್ಡ್‌ವೇರ್ ಅಂಗಡಿಯ ಸಾಲ, ಚೀಟಿ ಕಂತು ಸಮಯಕ್ಕೆ ಕಟ್ಟಿ. ಕಟ್ಟದವನ ಹೆಸರು ಅದೇ ಕೌಂಟರಿನಲ್ಲಿ ಮೊದಲು ಹೋಗುತ್ತದೆ.

ಆಗಲ್ಲ ಅನ್ನಬೇಕಾದದ್ದು

ಕೆಲವರು ಮೀಟರ್ ಸ್ವಲ್ಪ ನಿಧಾನ ಓಡುವ ಹಾಗೆ ಮಾಡಿ ಅನ್ನುತ್ತಾರೆ. ಮೀಟರಿನ ಸೀಲ್ ಕರೆಂಟ್ ಕೊಡುವ ಕಂಪನಿ ಚೆಸ್ಕಾಂನದು, ಮುಟ್ಟಬೇಡಿ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅದು ಕಳ್ಳತನ. ಮೀಟರಿನ ಆಚೆ ತೊಂದರೆ ಇದ್ದರೆ 1912ಕ್ಕೆ ಫೋನ್ ಮಾಡಲು ಹೇಳಿ. ಇನ್ನು ಕೆಲವರು ಅರ್ಥಿಂಗ್ ಬೇಡ, ಖರ್ಚು ಜಾಸ್ತಿ ಅನ್ನುತ್ತಾರೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದೆ ನಾನು ಮನೆ ಒಪ್ಪುವುದಿಲ್ಲ. ಅರ್ಥಿಂಗಿನ ಹಸಿರು ವೈರು ಬಿಟ್ಟು ಕೆಲಸ ಮಾಡಿ, ನಾಳೆ ಒಂದು ಮಗು ಫ್ರಿಜ್ ಮುಟ್ಟಿದರೆ? ಕೆಲಸ ಹೋದರೆ ಹೋಗಲಿ.

ಕೊನೆಯ ದಿನ

ನೀವು ಕೊರೆದ ಧೂಳನ್ನು ನೀವೇ ಗುಡಿಸಿ. ಡಿಬಿ (ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಮೇಲೆ ಯಾವ ಸ್ವಿಚ್ ಯಾವ ಕೋಣೆಗೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿ. ಮನೆಯಲ್ಲಿ ಜಾಸ್ತಿ ಹೊತ್ತು ಇರುವವರನ್ನೇ ಕರೆದು ಆರ್‌ಸಿಸಿಬಿಯ ಟೆಸ್ಟ್ ಬಟನ್ ಅವರ ಕೈಯಲ್ಲೇ ಒತ್ತಿಸಿ. ತಿಂಗಳಿಗೊಮ್ಮೆ ಒತ್ತಿ, ಸ್ವಿಚ್ ತಾನೇ ಕೆಳಗೆ ಬಿದ್ದು ಆಫ್ ಆಗದಿದ್ದರೆ ನನಗೆ ಫೋನ್ ಮಾಡಿ ಎಂದು ಹೇಳಿ. ಬಿಲ್ಲಿನಲ್ಲಿ ಪಾಯಿಂಟ್ ಲೆಕ್ಕ, ತೆಗೆದುಕೊಂಡ ಅಡ್ವಾನ್ಸ್, ಉಳಿದ ಬಾಕಿ ಮೂರನ್ನೂ ಬರೆಯಿರಿ. ಕೀ ನಿಮ್ಮ ಹತ್ತಿರ ಇದ್ದರೆ ಪಕ್ಕದ ಮನೆಯಲ್ಲಿ ಕೊಟ್ಟು ಬರಬೇಡಿ. ಅವರು ಬರುವ ತನಕ ಕಾದು, ಅವರ ಕೈಗೇ ಕೊಟ್ಟು ಬನ್ನಿ.