ವಾರಕ್ಕೆ ಎಷ್ಟು ದಿನ ಇಂಟರ್‌ವಲ್ ಓಟ?

ಇಂಟರ್‌ವಲ್ ಎಂದರೆ ಚಿತ್ರಮಂದಿರದ ಪಾಪ್‌ಕಾರ್ನ್ ನೆನಪಾಗುವವರೇ ಹೆಚ್ಚು. ಓಟದಲ್ಲಿಯೂ ಅದು ವಿರಾಮವೇ: ಸ್ವಲ್ಪ ಹೊತ್ತು ಜೋರಾಗಿ ಓಡಿ, ಸ್ವಲ್ಪ ಹೊತ್ತು ನಡೆದು ದಮ್ಮು ಹಿಡಿದು, ಮತ್ತೆ ಓಡುವುದು. ಹೊಸಬರಿಗೆ ಇದು ವಾರಕ್ಕೆ ಒಂದು ದಿನ ಸಾಕು. ರೂಢಿಯಾದ ಮೇಲೆ ಎರಡು ದಿನ. ಮೂರು ದಿನ ಎನ್ನುವುದು ಹಲವು ತಿಂಗಳ ಅನುಭವ ಇರುವವರ ಮಾತು.

ನಾನು ಐದು ದಿನ ಓಡಿದವನು. ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಿದ್ದ ಹುಮ್ಮಸ್ಸು. ಮೂರನೆಯ ವಾರ ಮಹಡಿ ಮೆಟ್ಟಿಲು ಇಳಿಯುವಾಗ ಮೊಣಕಾಲ ಕೆಳಗಿನ ಮೂಳೆ ಚುಳ್ಳೆಂದಿತು. ಓಟದ ದಿನ ರಸ್ತೆಬದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ.

ಮೊದಲು ಅಡಿಪಾಯ. ಅರ್ಧ ಗಂಟೆ ನಿಲ್ಲದೆ ಬಿರುಸಾಗಿ ನಡೆಯಲು ಅಥವಾ ನಿಧಾನವಾಗಿ ಓಡಲು ಆಗುತ್ತದೆಯೇ? ಇಲ್ಲವಾದರೆ ಕೆಲವು ವಾರ ಅಷ್ಟನ್ನೇ ಮಾಡಿ. ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಆಮೇಲೆ ದಿನ ಗೊತ್ತು ಮಾಡಿಕೊಳ್ಳಿ. ಎರಡು ದಿನವಾದರೆ ಮಂಗಳವಾರ ಮತ್ತು ಶುಕ್ರವಾರ ಚೆನ್ನ. ನಡುವೆ ಕನಿಷ್ಠ 48 ಗಂಟೆ ಬಿಡುವಿರಲಿ. ದಣಿದ ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಈ ಬಿಡುವಿನಲ್ಲಿ.

ಮೈದಾನಕ್ಕೆ ಹೋದೊಡನೆ ಓಡಬೇಡಿ. ಹತ್ತು ನಿಮಿಷ ನಡಿಗೆ, ಮೆಲು ಓಟ. ನಂತರ ಒಂದು ನಿಮಿಷ ಜೋರು, ಎರಡು ನಿಮಿಷ ನಡಿಗೆ. ಹೀಗೆ ಆರು ಸುತ್ತು. ಜೋರು ಎಂದರೆ ಎಷ್ಟು? ಪಕ್ಕದಲ್ಲಿ ಓಡುವವರು ಏನಾದರೂ ಕೇಳಿದರೆ ಎರಡು ಮೂರು ಪದಕ್ಕಿಂತ ಹೆಚ್ಚು ಉತ್ತರಿಸಲು ಆಗಬಾರದು. ಇಡೀ ವಾಕ್ಯ ಸಲೀಸಾಗಿ ಬಂದರೆ ವೇಗ ಸಾಲದು. ಹಾಗೆಂದು ಮೊದಲ ಸುತ್ತಿನಲ್ಲೇ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡಿದರೆ ನಾಲ್ಕನೆಯದಕ್ಕೆ ಕಾಲು ಏಳುವುದಿಲ್ಲ. ಆರನೆಯ ಸುತ್ತಿನ ವೇಗ ಮೊದಲನೆಯದರಷ್ಟೇ ಇದ್ದರೆ ಲೆಕ್ಕ ಸರಿಯಾಗಿದೆ. ಕೊನೆಗೆ ಐದಾರು ನಿಮಿಷ ನಡೆದು ಮುಗಿಸಿ.

ಲೆಕ್ಕ ಹಾಕಿ ನೋಡಿ: ಎರಡು ದಿನ ಸೇರಿ ಜೋರಾಗಿ ಓಡಿದ್ದು 12 ನಿಮಿಷ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷಗಳ ಬಿರುಸಿನ ವ್ಯಾಯಾಮ. ಆದ್ದರಿಂದ ಉಳಿದ ದಿನಗಳ ನಡಿಗೆ, ಸೈಕಲ್ ಬಿಡುವಂತಿಲ್ಲ. ಇಂಟರ್‌ವಲ್ ಉಪ್ಪಿನಕಾಯಿ, ಅನ್ನವಲ್ಲ.

‘ನಾಲ್ಕೇ ನಿಮಿಷದ ತಬಾಟಾ ದಿನವೂ ಮಾಡಬಹುದಲ್ಲ?’ ಎಂದು ಕೇಳುವವರಿದ್ದಾರೆ. 20 ಸೆಕೆಂಡ್ ದುಡಿಮೆ, 10 ಸೆಕೆಂಡ್ ವಿರಾಮದ ಆ ಕ್ರಮದ ಬಗ್ಗೆ ಜಪಾನಿನ ಇಝುಮಿ ತಬಾಟಾ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು ದೈಹಿಕ ಶಿಕ್ಷಣ ಓದುತ್ತಿದ್ದ ತರುಣರು. ಸುಸ್ತಾಗಿ ಇನ್ನು ಆಗದು ಎನ್ನುವವರೆಗೂ ಅವರು ವ್ಯಾಯಾಮದ ಸೈಕಲ್ ತುಳಿದಿದ್ದರು. ಕುರ್ಚಿಯಿಂದ ಎದ್ದು ಬಂದವರಿಗೆ ಆ ಅಳತೆ ಹೊಂದದು.

ಹೆಚ್ಚಿಸುವಾಗ ಒಂದೊಂದಾಗಿ ಹೆಚ್ಚಿಸಿ: ಮೊದಲು ಆರು ಸುತ್ತು ಎಂಟಾಗಲಿ, ಎರಡನೆಯ ದಿನ ಆಮೇಲೆ. ಬೆಳಿಗ್ಗೆ ಹಾಸಿಗೆಯಲ್ಲೇ, ಕಾಫಿಗೆ ಮುಂಚೆ, ನಾಡಿ ಎಣಿಸುವುದನ್ನು ರೂಢಿಸಿಕೊಳ್ಳಿ. ಅದು ಎಂದಿನದಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ, ಅಂದು ನಡಿಗೆ ಸಾಕು. ಮಂಗಳವಾರ ತಪ್ಪಿತೆಂದು ಗುರುವಾರ, ಶುಕ್ರವಾರ ಎರಡೂ ದಿನ ಓಡಿ ಸಾಲ ತೀರಿಸಲು ಹೋಗಬೇಡಿ. ತಪ್ಪಿದ್ದು ತಪ್ಪಿತು, ಶುಕ್ರವಾರ ಬನ್ನಿ.