ಪ್ಲಾಂಚ್, ಫ್ರಂಟ್ ಲಿವರ್, ಹ್ಯಾಂಡ್‌ಸ್ಟ್ಯಾಂಡ್: ಶೋಲ್ಡರ್ ಬ್ಲೇಡ್ ಎಲ್ಲಿಡ್ಬೇಕು ಅನ್ನೋದು, ನನ್ನ ಅನುಭವ

"ಭುಜ ಹಿಂದಕ್ಕೆ ಎಳಿ, ಕೆಳಗಿಳಿಸು" ಅನ್ನೋ ಮಾತನ್ನ ಜಿಮ್ಮಿಗೆ ಹೋಗಿರೋರೆಲ್ಲ ಕೇಳಿರ್ತೀರಿ. ಬೆಂಚ್ ಪ್ರೆಸ್‌ಗೆ ಅದು ಸರೀನೇ. ಅದನ್ನೇ ತಂದು ಪ್ಲಾಂಚ್‌ಗೆ (ಬರೀ ಕೈ ಊರಿ, ಕಾಲು ಎತ್ತಿ, ಮೈನ ನೆಲಕ್ಕೆ ಸಮಾನಾಂತರವಾಗಿ ತಡೆಯೋದು) ಹಾಕಿದ್ರೆ ಎದೆ ಎರಡು ಕೈ ಮಧ್ಯೆ ಜೋತು ಬೀಳುತ್ತೆ, ಹ್ಯಾಂಡ್‌ಸ್ಟ್ಯಾಂಡ್‌ಗೆ ಹಾಕಿದ್ರೆ ಕೈ ಪೂರ್ತಿ ಮೇಲಕ್ಕೆ ಹೋಗೋದೇ ಇಲ್ಲ. ಒಂದೊಂದು ಹೋಲ್ಡ್‌ಗೂ (ಅಲ್ಲಾಡದೆ ತಡೆಯೋ ಭಂಗಿಗೂ) ಶೋಲ್ಡರ್ ಬ್ಲೇಡ್, ಅಂದ್ರೆ ಬೆನ್ನಿನ ಮೇಲ್ಭಾಗದ ಚಪ್ಪಟೆ ಮೂಳೆ, ಇರೋ ಜಾಗ ಬೇರೆ, ಅದನ್ನ ಬೇರೆ ಬೇರೆಯಾಗೇ ಕಲೀಬೇಕು.

ಶೋಲ್ಡರ್ ಬ್ಲೇಡ್‌ಗೂ ಪಕ್ಕೆಲುಬಿಗೂ ನಡುವೆ ಮೂಳೆ ಕೀಲು ಅಂತ ಇಲ್ಲ, ಕಾಲರ್ ಬೋನ್ ಮೂಲಕ ಮಾತ್ರ ಅದು ಮುಂಡಕ್ಕೆ ಸೇರಿರೋದು, ಮಿಕ್ಕಿದ್ದನ್ನೆಲ್ಲ ಸ್ನಾಯುಗಳೇ ಹಿಡ್ಕೊಂಡಿವೆ. ಹಾಗಾಗಿ ಸ್ನಾಯು ಸೋತ ಕೂಡ್ಲೇ ಬ್ಲೇಡ್ ಜಾಗ ಬಿಡುತ್ತೆ.

ಅದಕ್ಕೇ ನಾನು ಯಾವ ಹೋಲ್ಡ್‌ಗೂ ಕೈ ಹಾಕೋ ಮುಂಚೆ ನಾಲ್ಕು ದಿಕ್ಕನ್ನೂ ಬಿಡಿಬಿಡಿಯಾಗಿ ಪ್ರಾಕ್ಟೀಸ್ ಮಾಡ್ದೆ. ಮುಂದೆ ಹಿಂದೆ ಮಾಡೋಕೆ ಸ್ಕ್ಯಾಪುಲಾ (ಶೋಲ್ಡರ್ ಬ್ಲೇಡ್‌ದೇ ಇನ್ನೊಂದು ಹೆಸರು) ಪುಶ್ ಅಪ್, ಕೆಳಗೆಳೆಯೋಕೆ ಬಾರ್‌ಗೆ ಜೋತುಬಿದ್ದು ಸ್ಕ್ಯಾಪುಲಾ ಪುಲ್, ಮೇಲೆತ್ತೋಕೆ ಗೋಡೆಗೆ ಹ್ಯಾಂಡ್‌ಸ್ಟ್ಯಾಂಡ್ ಹಾಕಿ ಶ್ರಗ್. ಎಲ್ಲದ್ರಲ್ಲೂ ಮೊಣಕೈ ಲಾಕ್ ಆಗಿರ್ಬೇಕು, ಒಂಚೂರು ಮಡಚಿದ್ರೂ ಕೆಲಸ ತೋಳಿಗೆ ಹೋಗ್ಬಿಡುತ್ತೆ, ಬ್ಲೇಡ್ ಸುಮ್ನೆ ಕೂತಿರುತ್ತೆ.

ಪ್ಲಾಂಚ್‌ನಲ್ಲಿ ಬೇಕಾಗಿರೋದು ಪ್ರೊಟ್ರಾಕ್ಷನ್ ಮತ್ತು ಡಿಪ್ರೆಶನ್ ಎರಡೂ ಒಟ್ಟಿಗೆ, ಅಂದ್ರೆ ಬ್ಲೇಡ್‌ಗಳು ಬೆನ್ನುಮೂಳೆಯಿಂದ ದೂರ ಸರಿದು ಪಕ್ಕೆಗಳನ್ನ ಸುತ್ಕೊಂಡಿರ್ಬೇಕು, ಭುಜ ಕಿವಿಯಿಂದ ದೂರ ಇರ್ಬೇಕು. ನೆಲಾನ ನನ್ನಿಂದ ದೂರ ತಳ್ತಾ ಇದೀನಿ ಅಂದ್ಕೊಂಡ್ರೆ ಬೆನ್ನಿನ ಮೇಲ್ಭಾಗ ತಾನಾಗೇ ಸ್ವಲ್ಪ ಗೂನಾಗುತ್ತೆ, ಆ ಗೂನು ಬೇಕು. ಇಲ್ಲಿ ದುಡಿಯೋದು ಮುಖ್ಯವಾಗಿ ಪಕ್ಕೆ ಬದಿಯ ಸೆರೇಟಸ್ ಆಂಟೀರಿಯರ್ ಅನ್ನೋ ಸ್ನಾಯು. ನಾನು ಗಮನಿಸಿದ್ದೇನಂದ್ರೆ ಮುಂದಕ್ಕೆ ವಾಲ್ತಾ ಹೋದ ಹಾಗೆ ಮೊದಲು ತಪ್ಪಿಹೋಗೋದು ಡಿಪ್ರೆಶನ್, ಭುಜ ಮೆಲ್ಲಗೆ ಕಿವಿ ಕಡೆ ಏರುತ್ತೆ, ಆಮೇಲೆ ಗೂನು ಹೋಗುತ್ತೆ, ಕೊನೆಗೆ ಸೊಂಟ ಬೀಳುತ್ತೆ. ಸೊಂಟ ಬೀಳೋವರೆಗೂ ಕಾಯೋದ್ರಲ್ಲಿ ಅರ್ಥ ಇಲ್ಲ. ಭುಜ ಏರಿದ ಕ್ಷಣಾನೇ ಸೆಟ್ ಮುಗೀತು ಅಂತ ಇಟ್ಕೊಂಡೆ, 10 ಸೆಕೆಂಡ್ ತಡೆಯೋ ಶಕ್ತಿ ಇದ್ರೂ ಬ್ಲೇಡ್ 6 ಸೆಕೆಂಡಿಗೆ ಜಾಗ ಬಿಟ್ರೆ ನನ್ನ ಲೆಕ್ಕಕ್ಕೆ ಅದು 6 ಸೆಕೆಂಡೇ. ಈ ಒಂದು ನಿಯಮದಿಂದ ಆದಷ್ಟು ಉಪಯೋಗ ಬೇರೆ ಯಾವ ಎಕ್ಸರ್‌ಸೈಜಿಂದಲೂ ಆಗಿಲ್ಲ.

ಇದು ಕನ್ನಡಿ ನೋಡ್ಕೊಂಡು ಗೊತ್ತಾಗೋದಲ್ಲ, ಫೋನ್ ಇಟ್ಟು ಬದಿಯಿಂದ ಒಂದ್ಸಲ, ಶರ್ಟ್ ಇಲ್ದೆ ಹಿಂದಿನಿಂದ ಒಂದ್ಸಲ ವಿಡಿಯೋ ಮಾಡ್ಕೊಳ್ಳಿ. ಬ್ಲೇಡ್‌ನ ಒಳ ಅಂಚು ರೆಕ್ಕೆ ಥರ ಎದ್ದು ಕಾಣ್ತಿದ್ರೆ ಆ ಲೆವೆಲ್ ಇನ್ನೂ ಜಾಸ್ತಿ ಆಯ್ತು ಅಂತ, ಸ್ಟ್ರ್ಯಾಡಲ್ (ಕಾಲು ಅಗಲ ಚಾಚಿ ಮಾಡೋದು) ಬಿಟ್ಟು ಟಕ್‌ಗೆ (ಮೊಣಕಾಲು ಎದೆಗೆ ಮಡಚಿ ಮಾಡೋದು) ವಾಪಸ್ ಬನ್ನಿ. ಸುಮ್ನೆ ನಿಂತಿದ್ದಾಗ್ಲೂ ಒಂದೇ ಕಡೆ ಎದ್ದಿದ್ರೆ ಮಾತ್ರ ಡಾಕ್ಟರಿಗೆ ತೋರ್ಸಿ, ಸೆರೇಟಸ್‌ಗೆ ಹೋಗೋ ನರದ ತೊಂದ್ರೆ ಇದ್ರೂ ಹಾಗಾಗುತ್ತೆ.

ಫ್ರಂಟ್ ಲಿವರ್ (ಬಾರ್ ಹಿಡಿದು ಜೋತುಬಿದ್ದು, ಮುಖ ಮೇಲೆ ಮಾಡಿ ಮೈನ ನೆಲಕ್ಕೆ ಸಮಾನಾಂತರವಾಗಿ ತಡೆಯೋದು) ವಿಷಯದಲ್ಲಿ ವಾದ ಜಾಸ್ತಿ. ಬ್ಲೇಡ್‌ಗಳನ್ನ ಪೂರ್ತಿ ಹಿಂದಕ್ಕೆ ಸೇರಿಸ್ಬೇಕು ಅಂತ ಕೆಲವರು, ಬೇಡ ಅಂತ ಕೆಲವರು. ನಾನು ಟಕ್‌ನಲ್ಲಿ ಆ ರಿಟ್ರಾಕ್ಷನ್ (ಹಿಂದಕ್ಕೆ ಸೇರಿಸೋದು) ಹಿಡೀತೀನಿ, ಯಾಕಂದ್ರೆ ಅಲ್ಲಿ ಭಾರ ಕಮ್ಮಿ, ಬೆನ್ನಿಗೆ ಆ ಶಕ್ತಿ ಬರುತ್ತೆ. ಕಾಲು ಚಾಚ್ತಾ ಹೋದ ಹಾಗೆ ಭಾರವೇ ಬ್ಲೇಡ್‌ಗಳನ್ನ ಅಗಲ ಮಾಡುತ್ತೆ, ಆಗ ಮಧ್ಯದಲ್ಲಿದ್ರೆ ಸಾಕು ಅಂತ ಬಿಡ್ತೀನಿ. ಡಿಪ್ರೆಶನ್ ಮಾತ್ರ ಬಿಡೋ ಹಾಗಿಲ್ಲ. ಎಲ್ ಸಿಟ್‌ಗೂ (ಕೈ ಊರಿ ಮೈ ಎತ್ತಿ, ಕಾಲನ್ನ ಮುಂದಕ್ಕೆ ನೇರ ಚಾಚಿ ತಡೆಯೋದು) ಅದೇ, ಭುಜ ಒತ್ತಿ ಕುತ್ತಿಗೆ ಉದ್ದ ಮಾಡಿದ್ರೆ ಮುಗೀತು.

ಹ್ಯಾಂಡ್‌ಸ್ಟ್ಯಾಂಡ್ ಪೂರ್ತಿ ಉಲ್ಟಾ. ಕೈ 180 ಡಿಗ್ರಿ ಮೇಲೆ ಹೋಗೋದ್ರಲ್ಲಿ ಸುಮಾರು 120 ಭುಜದ ಕೀಲಿಂದ, ಸುಮಾರು 60 ಬ್ಲೇಡ್ ತಿರುಗೋದ್ರಿಂದ. ಬ್ಲೇಡನ್ನ ಕೆಳಗೆ ಎಳೆದು ಹಿಡಿದ್ರೆ ಅದು ತಿರುಗೋದು ಹೇಗೆ? ಬೆನ್ನು ಬಾಗಿಸಿ ಆ ಕೊರತೆ ತುಂಬ್ಕೋಬೇಕಾಗುತ್ತೆ. ಅದಕ್ಕೆ ಇಲ್ಲಿ ಭುಜ ಕಿವಿಗೆ ತಾಗೋವರೆಗೂ ತಳ್ಳಿ.

ಈಗ ನಾನು ಮಾಡ್ತಿರೋದು ಹ್ಯಾಂಡ್‌ಸ್ಟ್ಯಾಂಡ್‌ನಿಂದ ನಿಧಾನಕ್ಕೆ ಪ್ಲಾಂಚ್‌ಗೆ ಇಳಿಯೋದು. ಮೇಲೆತ್ತಿದ್ದ ಭುಜ ದಾರಿ ಮಧ್ಯೆ ಕೆಳಗಿಳೀಬೇಕು, ನಾನು ಅರ್ಧಕ್ಕಿಂತ ಮೊದ್ಲೇ ಇಳಿಸೋಕೆ ಶುರು ಮಾಡ್ತೀನಿ, ತಡ ಮಾಡಿದ್ರೆ ಆ ಭಾರದಲ್ಲಿ ಅದನ್ನ ಕೆಳಗೆ ತರೋಕೆ ಆಗಲ್ಲ.